ಹೆರಿಗೆ ನೋವು, ಮಾಸು ಮತ್ತು ನವಜಾತ ಶಿಶುವಿನ ಬಿಳಿ ರಕ್ತಕಣಗಳು

ಮಾನ್ಯ ಅಧ್ಯಕ್ಷರೇ, ವೈದ್ಯ ಮಿತ್ರರೇ, ಶುಶ್ರೂಷಕರೇ, ವಿದ್ಯಾರ್ಥಿಗಳೇ,

ಸಿಸೇರಿಯನ್ ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ ಎಂಬ ಮಾತನ್ನು ಇತ್ತೀಚೆಗೆ ಎಲ್ಲ ಕಡೆ ಕೇಳುತ್ತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ ಜಗತ್ತಿನ ಶೇಕಡಾ 21ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗುತ್ತಿವೆ. 1990ರ ಸುಮಾರಿಗೆ ಇದು ಶೇಕಡಾ 7ರ ಆಸುಪಾಸಿನಲ್ಲಿತ್ತು. ಹೀಗಿರುವಾಗ ಆ ಒಂದು ಮಾತು ಎಷ್ಟು ತಾಯಂದಿರ ಎದೆಗೆ ನಾಟುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ. ಹೊಲಿಗೆ ಇನ್ನೂ ಮಾಯದ ತಾಯಿಯೊಬ್ಬರು, “ಡಾಕ್ಟರೇ, ನನ್ನಿಂದಲೇ ಮಗುವಿಗೆ ಹೀಗಾಯಿತೇ?” ಎಂದು ಕೇಳಿದಾಗ ಕೊಡುವ ಉತ್ತರ ನಿಖರವಾಗಿರಬೇಕು ಎಂಬ ಹಟದಿಂದಲೇ ಇಂದು ಮಾತನಾಡಲು ಒಪ್ಪಿಕೊಂಡೆ.

ನನ್ನ ವಾದ ಒಂದೇ. ನೋವು ಶುರುವಾಗುವ ಮೊದಲೇ ದಿನ ಗೊತ್ತುಮಾಡಿ ಮಾಡುವ ಸಿಸೇರಿಯನ್ ಬೇರೆ, ಗಂಟೆಗಟ್ಟಲೆ ನೋವು ತಿಂದ ಮೇಲೆ ತುರ್ತಾಗಿ ಮಾಡುವ ಸಿಸೇರಿಯನ್ ಬೇರೆ. ಇವೆರಡನ್ನೂ ಒಂದೇ ಗುಂಪಿಗೆ ಸೇರಿಸಿ ಸಹಜ ಹೆರಿಗೆಯೊಡನೆ ಹೋಲಿಸಿದರೆ, ನಾವು ಅಳೆಯುತ್ತಿರುವುದು ಏನನ್ನು ಎಂಬುದೇ ತಿಳಿಯದೆ ಹೋಗುತ್ತದೆ.

ಹೊಕ್ಕುಳಬಳ್ಳಿಯ ರಕ್ತವನ್ನು ಗಮನಿಸೋಣ. ಸಹಜ ಹೆರಿಗೆಯಾದ ಮಗುವಿನಲ್ಲಿ ಒಟ್ಟು ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೊಫಿಲ್‌ಗಳು, ನೋವಿಲ್ಲದೆ ನಡೆದ ಸಿಸೇರಿಯನ್‌ನ ಮಗುವಿಗಿಂತ ಹೆಚ್ಚಿರುತ್ತವೆ. ಕಾರಣವೂ ನಿಗೂಢವಲ್ಲ. ಗರ್ಭಕೋಶ ಸಂಕುಚಿಸಿದಾಗಲೆಲ್ಲ ಮಗುವಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್, ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ಸುರಿಸುತ್ತವೆ. ಈ ಹಾರ್ಮೋನುಗಳು ಶ್ವಾಸಕೋಶದ ನೀರನ್ನು ಹೀರಿಸಿ ಉಸಿರಿಗೆ ಅಣಿಮಾಡುತ್ತವೆ. ಜೊತೆಗೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ, ಅಸ್ಥಿಮಜ್ಜೆಯಲ್ಲಿ ಕಾದಿದ್ದ ನ್ಯೂಟ್ರೊಫಿಲ್‌ಗಳನ್ನು ಹರಿವಿಗೆ ಎಳೆದು ತರುತ್ತವೆ. ಎಣಿಕೆ ಹೆಚ್ಚಾದ ಮಾತ್ರಕ್ಕೆ ಶಕ್ತಿ ಹೆಚ್ಚಿದೆ ಎಂದು ಹೇಳಲಾಗದು, ಏಕೆಂದರೆ ಇವುಗಳಲ್ಲಿ ಬಹುಪಾಲು ಸ್ಥಳ ಬದಲಿಸಿದ ಕಣಗಳು. ಅಲ್ಲದೆ ಜನನದ ನಂತರದ ಗಂಟೆಗಳಲ್ಲಿ ಈ ಎಣಿಕೆ ತಾನಾಗಿಯೇ ಏರಿ, ಕೆಲವು ದಿನಗಳಲ್ಲಿ ಇಳಿದು ನೆಲೆಗೊಳ್ಳುತ್ತದೆ. ಒಂದು ಕ್ಷಣದ ಲೆಕ್ಕವನ್ನು ಮಗುವಿನ ಇಡೀ ಬಾಳಿನ ಜಾತಕವೆಂದು ಓದಬಾರದು.

ಇನ್ನು ಮಾಸು. ಇಲ್ಲಿ ಇಬ್ಬರ ಕೋಶಗಳು ಅಕ್ಕಪಕ್ಕದಲ್ಲಿರುತ್ತವೆ: ಮಾಸಿನ ಬೇರಿನಂಥ ಕವಲುಗಳಾದ ವಿಲ್ಲೈಗಳ ಒಳಗಿನ ಹಾಫ್‌ಬಾಯರ್ ಎಂಬ ರಕ್ಷಕ ಕೋಶಗಳು ಮಗುವಿನವು, ಅಂಚಿನ ಡೆಸಿಡುವಾದಲ್ಲಿ, ಅಂದರೆ ಗರ್ಭಕೋಶದ ಒಳಪದರದಲ್ಲಿ, ಇರುವ ಎನ್‌ಕೆ ಮತ್ತು ಟಿ ಎಂಬ ರೋಗನಿರೋಧಕ ಕೋಶಗಳು ತಾಯಿಯವು. ನೋವು ಆರಂಭವಾದಾಗ ಡೆಸಿಡುವಾಕ್ಕೂ ಗರ್ಭಕೊರಳಿಗೂ ನ್ಯೂಟ್ರೊಫಿಲ್‌ಗಳು ಮತ್ತು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ನುಗ್ಗುತ್ತವೆ, ಏಕೆಂದರೆ ಹೆರಿಗೆಯೇ ಒಂದು ಬಗೆಯ ಉರಿಯೂತ. ಆದ್ದರಿಂದ ನೋವು ಕಂಡ ಮಾಸು ಮತ್ತು ಕಾಣದ ಮಾಸುಗಳನ್ನು ಬೆರೆಸಿದರೆ ಫಲಿತಾಂಶ ಕಲಸಿಹೋಗುತ್ತದೆ. ನೋಡಿ, ನನ್ನ ವಾದ ಮತ್ತೆ ಬಂತು!

ಇದಕ್ಕೆ ನನಗೆ ಬಲು ಇಷ್ಟವಾದ ಒಂದು ಪ್ರಸಂಗವಿದೆ. ಸ್ವಲ್ಪ ವಿಸ್ತರಿಸಲು ಅನುಮತಿ ಕೊಡಿ. 2014ರಲ್ಲಿ ಅಮೆರಿಕದ ಸಂಶೋಧಕರು 320 ಮಾಸುಗಳನ್ನು ಪರೀಕ್ಷಿಸಿ, ಮಾಸಿಗೆ ತನ್ನದೇ ಆದ ಸೂಕ್ಷ್ಮಾಣುಗಳ ಸಮುದಾಯವಿದೆ ಎಂದು ಸಾರಿದರು. ಅದನ್ನು ಓದಿದವರೆಲ್ಲ ಪುಳಕಗೊಂಡರು, ಏಕೆಂದರೆ ಗರ್ಭದಲ್ಲೇ ಮಗುವಿಗೆ ಸೂಕ್ಷ್ಮಾಣುಗಳ ಪರಿಚಯವಾಗುತ್ತದೆ ಎಂಬುದು ನಿಜವಾಗಿದ್ದರೆ ಪಠ್ಯಪುಸ್ತಕಗಳನ್ನೇ ತಿದ್ದಬೇಕಿತ್ತು. ಐದು ವರ್ಷಗಳ ಬಳಿಕ, 2019ರಲ್ಲಿ, ಕೇಂಬ್ರಿಜ್‌ನ ತಂಡವು 537 ಮಹಿಳೆಯರ ಮಾಸುಗಳನ್ನು ಪರೀಕ್ಷಿಸಿತು. ಅವರ ಜಾಣ್ಮೆ ಎಲ್ಲಿತ್ತೆಂದರೆ, ನೋವು ಆರಂಭವಾಗುವ ಮೊದಲೇ ಸಿಸೇರಿಯನ್‌ನಲ್ಲಿ ಹೊರತೆಗೆದ ಮಾಸುಗಳನ್ನು ಅವರು ಬೇರೆಯಾಗಿ ನೋಡಿದರು. ಆಗ ಹೊರಬಿದ್ದ ಸತ್ಯ ಇದು: ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಬಹುತೇಕ ಎಲ್ಲವೂ ಹೆರಿಗೆಯ ಹೊತ್ತಿನಲ್ಲಿ ಅಂಟಿಕೊಂಡವು, ಇಲ್ಲವೇ ಪ್ರಯೋಗಾಲಯದ ರಾಸಾಯನಿಕಗಳೊಳಗೇ ಇದ್ದವು. ನೋವಿಗೆ ಮುಂಚಿನ ಸುಮಾರು ಶೇಕಡಾ 5ರಷ್ಟು ಮಾಸುಗಳಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಮಾತ್ರ ಖಚಿತವಾಗಿ ಕಂಡಿತು. ಹೆರಿಗೆಯ ವಿಧಾನವನ್ನು ಶ್ರದ್ಧೆಯಿಂದ ವಿಂಗಡಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಕರುಳಿನ ಸೂಕ್ಷ್ಮಾಣುಗಳ ವಿಷಯದಲ್ಲಿ ಮಾತ್ರ ಹೆರಿಗೆಯ ದಾರಿಗೇ ತೂಕವಿದೆ. ಬ್ರಿಟನ್ನಿನ 596 ಶಿಶುಗಳ ಅಧ್ಯಯನದಲ್ಲಿ, ಇದೂ 2019ರದ್ದೇ, ಸಿಸೇರಿಯನ್ ಶಿಶುಗಳಲ್ಲಿ ಕರುಳಿನಲ್ಲಿ ಸಹಜವಾಗಿರುವ ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಕಡಿಮೆಯಿದ್ದು, ಆಸ್ಪತ್ರೆಯ ಪರಿಸರದಲ್ಲಿ ಕಾಣುವ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾಗಳು ಹೆಚ್ಚಿದ್ದವು. ಶಸ್ತ್ರಚಿಕಿತ್ಸೆಗೆ ಮುನ್ನ ತಾಯಿಗೆ ಕೊಡುವ ಆ್ಯಂಟಿಬಯೋಟಿಕ್‌ನ ಪಾತ್ರವನ್ನೂ ಮರೆಯಬಾರದು. ಈ ಅಂತರ ತಿಂಗಳುಗಳು ಕಳೆದಂತೆ ಬಹುಮಟ್ಟಿಗೆ ಕಿರಿದಾಗುತ್ತದೆ. ಸಿಸೇರಿಯನ್ ಮಕ್ಕಳಲ್ಲಿ ಅಸ್ತಮಾ ತುಸು ಹೆಚ್ಚು ಎಂಬ ಅಂಕಿಅಂಶಗಳಿವೆ, ನಿಜ. ಆದರೆ ಸಿಸೇರಿಯನ್‌ಗೆ ಕಾರಣವಾದ ತಾಯಿಯ ಕಾಯಿಲೆ, ಅವಧಿಪೂರ್ವ ಜನನ, ತಡವಾದ ಎದೆಹಾಲು ಇವೆಲ್ಲವೂ ಅದರೊಳಗೆ ಬೆರೆತಿವೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೋಂಕಿನ ವಿರುದ್ಧ ಹೋರಾಡುವ ತಾಯಿಯ ಐಜಿಜಿ ಪ್ರತಿಕಾಯಗಳು ಮಾಸಿನ ಮೂಲಕ ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ ದಾಟುವುದರಿಂದ, ಅಲ್ಲಿ ಹೆರಿಗೆಯ ದಾರಿಗಿಂತ ದಿನ ತುಂಬುವುದು ಮುಖ್ಯ. ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಕಾದು ಕತ್ತರಿಸುವುದು, ಮಗುವನ್ನು ತಾಯಿಯ ಮೈಗೆ ಒರಗಿಸುವುದು, ಮೊದಲ ಗಂಟೆಯಲ್ಲೇ ಎದೆಹಾಲು ಕೊಡುವುದು ಸಿಸೇರಿಯನ್‌ನಲ್ಲೂ ಸಾಧ್ಯ. ಸಿಸೇರಿಯನ್ ಮಗುವಿಗೂ ತಾಯಿಯ ಸೂಕ್ಷ್ಮಾಣುಗಳು ಸಿಗಲೆಂದು ಯೋನಿಸ್ರಾವವನ್ನು ಮಗುವಿನ ಬಾಯಿಗೂ ಮೈಗೂ ಸವರುವ ಪ್ರಯೋಗವನ್ನು ಸಂಶೋಧನೆಯ ಚೌಕಟ್ಟಿನ ಹೊರಗೆ ದಯವಿಟ್ಟು ಮಾಡಬೇಡಿ, ಸೋಂಕಿನ ಅಪಾಯವಿದೆ. ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ: ಕೇಸ್ ಶೀಟಿನಲ್ಲಿ ಸಿಸೇರಿಯನ್ ಎಂದಷ್ಟೇ ಬರೆದು ಬಿಡಬೇಡಿ. ನೋವು ಬಂದಿತ್ತೇ, ಎಷ್ಟು ಗಂಟೆ ಇತ್ತು, ನೀರು ಯಾವಾಗ ಒಡೆಯಿತು, ಆ್ಯಂಟಿಬಯೋಟಿಕ್ ಎಷ್ಟು ಹೊತ್ತಿಗೆ ಕೊಟ್ಟರು, ಇಷ್ಟನ್ನೂ ಅದರ ಕೆಳಗೆ ದಾಖಲಿಸಿ.