ತಂತಿಗೆ ಜಾಗ ಕೊಡಬೇಡಿ

ನಮಸ್ಕಾರ. ಹತ್ತಿರದಲ್ಲಿ ಸ್ಟೇಪ್ಲರ್ ಇದ್ದರೆ ಈಗಲೇ ಕೈಗೆತ್ತಿಕೊಳ್ಳಿ. ಇಲ್ಲದಿದ್ದರೆ ಅದರ ಒಂದು ಪಿನ್ನು ಸಿಕ್ಕರೂ ಸಾಕು. ಆ ಪಿನ್ನನ್ನು ಎರಡು ಬೆರಳುಗಳ ನಡುವೆ ಹಿಡಿದು, ಹಾಳೆಗಳ ಒಂದು ಕಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒತ್ತಿ ನೋಡಿ. ಮೇಲಿನ ಒಂದೆರಡು ಹಾಳೆಗಳನ್ನು ದಾಟುವಷ್ಟರಲ್ಲಿ ಒಂದು ಕಾಲು ಸೊಟ್ಟಗಾಗಿ ಪಕ್ಕಕ್ಕೆ ಮಲಗುತ್ತದೆ. ಅದೇ ಪಿನ್ನು ಯಂತ್ರದೊಳಗೆ ಇದ್ದಾಗ ಇಪ್ಪತ್ತು ಹಾಳೆಗಳನ್ನು ಸಲೀಸಾಗಿ ತೂರಿ, ಆಚೆ ಬದಿಯಲ್ಲಿ ಕಾಲು ಮಡಚಿ ಕುಳಿತುಕೊಳ್ಳುತ್ತದೆ. ಪಿನ್ನು ಅದೇ, ಕಾಗದ ಅದೇ, ಒತ್ತುವ ಕೈಯೂ ನಿಮ್ಮದೇ. ಹಾಗಾದರೆ ನಡುವೆ ಬಂದು ಸೇರಿದ್ದೇನು?

ಯಾರನ್ನು ಕೇಳಿದರೂ ‘ಬಲ’ ಎನ್ನುತ್ತಾರೆ. ಎಂಜಿನಿಯರಿಂಗ್ ಓದಿದವರೂ ಹಾಗೆಯೇ ಹೇಳುತ್ತಾರೆ, ಅದಕ್ಕೇ ನನಗೆ ಸ್ವಲ್ಪ ಸಿಟ್ಟು. ಬಲವಲ್ಲ. ಸ್ಟೇಪ್ಲರ್ ಮಾಡುವುದು ಒಂದೇ ಕೆಲಸ: ತಂತಿಗೆ ಆಚೀಚೆ ಸರಿಯಲು ಅದು ಜಾಗ ಕೊಡುವುದಿಲ್ಲ. ಈ ಹೊತ್ತಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡು ಉಳಿದದ್ದನ್ನೆಲ್ಲ ಮರೆತರೂ ನನಗೆ ಬೇಸರವಿಲ್ಲ. ತಂತಿಗೆ ಜಾಗ ಕೊಡಬಾರದು.

ಪೊರಕೆಯ ಒಂದು ಉದ್ದ ಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಒತ್ತಿ. ಬಿಲ್ಲಿನಂತೆ ಬಾಗುತ್ತದೆ. ಅದರದೇ ಒಂದು ಅಂಗುಲದ ಚೂರನ್ನು ಒತ್ತಿದರೆ ಬೆರಳಿಗೆ ಚುಚ್ಚುತ್ತದೆಯೇ ಹೊರತು ಬಾಗುವುದಿಲ್ಲ. ಕಡ್ಡಿ ಗಟ್ಟಿಯಾಗಲಿಲ್ಲ, ಬಾಗಲು ಅದಕ್ಕಿದ್ದ ಅವಕಾಶ ಕಡಿಮೆಯಾಯಿತು, ಅಷ್ಟೆ. 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಮಹಾ ಗಣಿತಜ್ಞ ಇದನ್ನು ಲೆಕ್ಕಕ್ಕೆ ಇಳಿಸಿದ. ಆಸರೆಯಿಲ್ಲದ ಉದ್ದ ಎರಡು ಪಟ್ಟಾದರೆ, ಬಾಗದೆ ತಾಳಿಕೊಳ್ಳುವ ಭಾರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಪಾಲು. ಸ್ಟೇಪ್ಲರಿನ ಇಡೀ ಶಾಸ್ತ್ರ ಈ ಎರಡು ವಾಕ್ಯಗಳಲ್ಲಿದೆ.

ಪಿನ್ನಿನ ಪೆಟ್ಟಿಗೆಯ ಮೇಲೆ 24/6 ಅಥವಾ 26/6 ಎಂದು ಬರೆದಿರುತ್ತದೆ. ಆರು ಎಂದರೆ ಆರು ಹಾಳೆ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಹಾಗಲ್ಲ. ಮೊದಲ ಸಂಖ್ಯೆ ತಂತಿಯ ಗೇಜು, ಅಂದರೆ ದಪ್ಪದ ಅಳತೆ, ಅದು ಹೆಚ್ಚಾದಷ್ಟೂ ತಂತಿ ತೆಳು. ಎರಡನೆಯದು ಕಾಲಿನ ಉದ್ದ, ಮಿಲಿಮೀಟರುಗಳಲ್ಲಿ. ಅಂದರೆ ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪವಿರುವ, 6 ಮಿಲಿಮೀಟರ್ ಉದ್ದದ ಕಡ್ಡಿಯೊಂದನ್ನು ನೀವು ಕಾಗದದೊಳಕ್ಕೆ ಇಳಿಸಬೇಕು. ಬರಿಗೈಯಲ್ಲಿ ಆಗದಿದ್ದುದು ಈಗ ಅರ್ಥವಾಯಿತಲ್ಲವೇ?

ಈಗ ಸ್ಟೇಪ್ಲರಿನ ಮೇಲ್ಭಾಗವನ್ನು ಎತ್ತಿ ಒಳಗೆ ನೋಡಿ. ಪಿನ್ನುಗಳು ಒಂದಕ್ಕೊಂದು ಅಂಟಿಕೊಂಡು, ಕುದುರೆ ಏರಿದವರ ಹಾಗೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಒಂದು ಹಳಿಯ ಮೇಲೆ ಕುಳಿತಿವೆ. ಹಿಂದಿನಿಂದ ಸ್ಪ್ರಿಂಗು ಅವನ್ನು ಮುಂದಕ್ಕೆ ದೂಡುತ್ತಲೇ ಇರುತ್ತದೆ. ಮುಂದುಗಡೆ ಒಂದು ಸಣ್ಣ ಕಿಂಡಿ, ಅದರಲ್ಲಿ ಒಂದೇ ಪಿನ್ನು ಹಿಡಿಸುತ್ತದೆ. ಕಿಂಡಿಯ ಮೇಲೆ ಉಕ್ಕಿನ ಒಂದು ಬ್ಲೇಡು. ಅದರ ದಪ್ಪ ಹೆಚ್ಚುಕಡಿಮೆ ಒಂದು ಪಿನ್ನಿನಷ್ಟು. ಬ್ಲೇಡು ದಪ್ಪವಾದರೆ ಎರಡನೆಯ ಪಿನ್ನಿಗೂ ತಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ತೀರಾ ತೆಳುವಾದರೆ ಪಿನ್ನಿನ ಬೆನ್ನ ಮೇಲಿಂದ ಜಾರುತ್ತದೆ. ನೀವು ಒತ್ತಿದಾಗ ಆ ಬ್ಲೇಡು ಮೊದಲ ಪಿನ್ನನ್ನು ಅಂಟಿನಿಂದ ಬಿಡಿಸಿ ಕೆಳಕ್ಕೆ ತಳ್ಳುತ್ತದೆ.

ಆ ಕ್ಷಣದಲ್ಲಿ ಪಿನ್ನಿನ ಸ್ಥಿತಿ ನೋಡಿ. ಮುಂದೆ ಗೋಡೆ. ಹಿಂದೆ ಸರದಿಯಲ್ಲಿ ನಿಂತಿರುವ ಇನ್ನೊಂದು ಪಿನ್ನು. ಎಡಬಲಕ್ಕೆ ತಗಡಿನ ಪಕ್ಕೆಗಳು. ತಲೆಯ ಮೇಲೆ ಬ್ಲೇಡು. ಹೋಗಲು ಉಳಿದಿರುವ ದಿಕ್ಕು ಒಂದೇ, ಕೆಳಗೆ. ಕಾಲಿನ ತುದಿ ಕಿಂಡಿಯಿಂದ ಹೊರಬರುವ ಹೊತ್ತಿಗೆ ಸ್ಟೇಪ್ಲರಿನ ಮೂತಿ ಕಾಗದವನ್ನು ಆಗಲೇ ಅದುಮಿ ಹಿಡಿದಿರುತ್ತದೆ, ಹಾಗಾಗಿ ತುದಿ ಗಾಳಿಯಲ್ಲಿ ತೂಗಾಡದೆ ನೇರವಾಗಿ ಕಾಗದವನ್ನು ಹೊಗುತ್ತದೆ. ಹೊಕ್ಕ ಮೇಲೆ ಕಾಗದವೇ ಅದಕ್ಕೆ ಗೋಡೆ. ಲೋಹದ ಗೋಡೆ ಮುಗಿಯುವಲ್ಲಿ ಕಾಗದದ ಗೋಡೆ ಶುರು. ನಡುವೆ ಬಿಡುವಿಲ್ಲ. ತಂತಿಗೆ ಎಲ್ಲಿಯೂ ಜಾಗವಿಲ್ಲ.

ಅದಕ್ಕೇ, ದಯವಿಟ್ಟು ಸ್ಟೇಪ್ಲರನ್ನು ಅಳುಕುತ್ತಾ ಅರ್ಧಕ್ಕೆ ಒತ್ತಬೇಡಿ. ಅರ್ಧ ಇಳಿದ ಪಿನ್ನು ಕಿಂಡಿಯಲ್ಲಿಯೇ ಉಳಿದು ಮುಂದಿನದಕ್ಕೆ ಅಡ್ಡ ನಿಲ್ಲುತ್ತದೆ. ಆಮೇಲೆ ಯಂತ್ರವನ್ನು ಬೈಯುತ್ತೀರಿ.

ಇತಿಹಾಸವನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಜಾರ್ಜ್ ಮೆಕ್‌ಗಿಲ್ 1866ರಲ್ಲಿ ಕಾಗದಗಳನ್ನು ಹಿಡಿದಿಡುವ, ಬಾಗಿಸಬಹುದಾದ ಹಿತ್ತಾಳೆಯ ಪುಟ್ಟ ಬಂಧಕಕ್ಕೆ ಪೇಟೆಂಟ್ ಪಡೆದ. ಚುಚ್ಚುವುದು, ಮಡಚುವುದು ಎರಡನ್ನೂ ಒಂದೇ ಸಾಧನದಿಂದ ಮಾಡಿಸುವ ಪೇಟೆಂಟ್ 1877ರಲ್ಲಿ ಹೆನ್ರಿ ಹೈಲ್ ಎಂಬಾತನದು. 1879ರಲ್ಲಿ ಮೆಕ್‌ಗಿಲ್ ಒಂದೇ ಏಟಿನ ಯಂತ್ರ ತಂದ, ಆದರೆ ಅದಕ್ಕೆ ಪ್ರತಿ ಸಲವೂ ಒಂದೊಂದೇ ಪಿನ್ನನ್ನು ಉಣಿಸಬೇಕಿತ್ತು. ಇಷ್ಟು ಸಾಕು.

ನನಗೆ ನಿಜವಾಗಿ ಪ್ರಿಯವಾದದ್ದು ಬೇರೆ ಯಂತ್ರ. ಅದಕ್ಕೆ ಸಿದ್ಧ ಪಿನ್ನು ಬೇಡ. ಪುಟ್ಟ ಪುಸ್ತಕಗಳ ಬೆನ್ನಿಗೆ ತಂತಿ ಹೊಲಿಗೆ ಹಾಕುತ್ತಾರಲ್ಲ, ಆ ಯಂತ್ರ. ಒಂದು ಕಡೆಯಿಂದ ಸುರುಳಿಯ ತಂತಿ ಒಳಗೆ ಬರುತ್ತದೆ. ಅಲಗು ಅದನ್ನು ಅಳತೆಗೆ ಕತ್ತರಿಸುತ್ತದೆ. ಕತ್ತರಿಸಿದ ತುಂಡು ಒಂದು ಉಕ್ಕಿನ ತುಂಡಿನ ಮೇಲೆ ಅಡ್ಡಲಾಗಿ ಕುಳಿತಿರುವಾಗ ಮೇಲಿನಿಂದ ಎರಡು ಕಾಲಿನ ಒಂದು ಕವಲು ಇಳಿದು, ತಂತಿಯ ಎರಡೂ ತುದಿಗಳನ್ನು ಕೆಳಕ್ಕೆ ಬಾಗಿಸುತ್ತದೆ. ಅಲ್ಲಿಗೆ ಪಿನ್ನು ಹುಟ್ಟಿತು. ಆದರೆ ಬಾಗಿಸಿ ಕೈಬಿಟ್ಟರೆ ತಂತಿ ಸ್ವಲ್ಪ ಹಿಂದಕ್ಕೆ ಅರಳುತ್ತದೆ, ಉಕ್ಕಿನ ಸ್ವಭಾವವೇ ಅದು. ಆದ್ದರಿಂದ ಕವಲು ಕೈಬಿಡುವುದಿಲ್ಲ. ಅದರ ಕಾಲುಗಳ ಒಳಬದಿಯಲ್ಲಿ ತೋಡುಗಳಿವೆ, ಅಂದರೆ ಉದ್ದನೆಯ ಸಣ್ಣ ಕಾಲುವೆಗಳು. ಪಿನ್ನಿನ ಕಾಲುಗಳು ಆ ತೋಡುಗಳಲ್ಲಿ ಕುಳಿತಿರುವಂತೆಯೇ ಕವಲು ಕಾಗದದವರೆಗೂ ಇಳಿದು ನಿಲ್ಲುತ್ತದೆ. ಆಮೇಲೆ ಕವಲಿನ ನಡುವೆ ಬ್ಲೇಡು ಇಳಿದು ಪಿನ್ನನ್ನು ತಳ್ಳುತ್ತದೆ. ಇಷ್ಟೆಲ್ಲ ಒಂದು ಏಟಿನಲ್ಲಿ, ಕಣ್ಣು ಮಿಟುಕಿಸುವುದರೊಳಗೆ.

ಇಂಥದೇ ಒಂದು ಯಂತ್ರದ ನಕ್ಷೆ ಬರೆಯುವ ಕೆಲಸ ನನ್ನ ಎಳೆಯ ವಯಸ್ಸಿನಲ್ಲಿ ನನಗೆ ಸಿಕ್ಕಿತ್ತು. ಮೊದಲ ಮಾದರಿ ಸಿದ್ಧವಾಯಿತು, ಓಡಿಸಿದೆವು. ಏಳೆಂಟು ಹೊಲಿಗೆ ಚೆನ್ನಾಗಿ ಬೀಳುತ್ತಿತ್ತು, ಮುಂದಿನದು ಸೊಟ್ಟಗೆ. ಮತ್ತೆ ಐದಾರು ಸರಿ, ಮತ್ತೊಂದು ಸೊಟ್ಟ. ನಾನು ಏನು ಮಾಡಿದೆ ಹೇಳಿ? ಬಲ ಹೆಚ್ಚಿಸಿದೆ! ದೊಡ್ಡ ಮೋಟರು ಹಾಕಿಸಿದೆ. ಹೊಲಿಗೆಗಳು ಇನ್ನಷ್ಟು ರಭಸದಿಂದ ಸೊಟ್ಟಗಾದವು. ದಪ್ಪ ತಂತಿ ತರಿಸಿದೆ. ಕತ್ತರಿಸುವ ಅಲಗು ಒಂದೇ ದಿನದಲ್ಲಿ ಮೊಂಡಾಯಿತು. ಸ್ಪ್ರಿಂಗುಗಳನ್ನೆಲ್ಲ ಬದಲಾಯಿಸಿದೆ. ಹೀಗೆ ಮೂರು ವಾರ ಕಳೆಯಿತು. ಮೇಲಿನವರು ದಿನಕ್ಕೆರಡು ಸಲ ಬಂದು ಏನೂ ಹೇಳದೆ ನೋಡಿ ಹೋಗತೊಡಗಿದರು. ಬೈದಿದ್ದರೆ ವಾಸಿಯಾಗಿತ್ತು.

ಆ ಕಾರ್ಯಾಗಾರದಲ್ಲಿ ಅಚ್ಚುಗಳನ್ನು ತಯಾರಿಸುವ ಹಿರಿಯರೊಬ್ಬರಿದ್ದರು. ಮಿತಭಾಷಿ. ಒಂದು ಸಂಜೆ ನನ್ನ ಬಳಿ ಬಂದು ಕೇಳಿದರು: “ಏನಪ್ಪಾ, ಕೆಟ್ಟ ಹೊಲಿಗೆಗಳನ್ನು ಎಲ್ಲಿಟ್ಟಿದ್ದೀಯ?”

“ಎಸೆದಿದ್ದೇನೆ, ಯಜಮಾನರೇ.”

ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಕಸದ ಡಬ್ಬಿಯನ್ನು ತಾವೇ ಎಳೆದುಕೊಂಡು, ಸೊಟ್ಟ ಪಿನ್ನುಗಳನ್ನು ಒಂದೊಂದಾಗಿ ಹೆಕ್ಕಿ, ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ನಲವತ್ತಕ್ಕೂ ಹೆಚ್ಚು ಇದ್ದವು. ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಜೋಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ನನಗೆ ಒಳಗೊಳಗೇ ಚಡಪಡಿಕೆ. ಜೋಡಿಸಿ ಮುಗಿದ ಮೇಲೆ ಮಸೂರವನ್ನು ನನ್ನ ಕೈಗಿತ್ತು ಸುಮ್ಮನೆ ಕುಳಿತರು.

ನೋಡಿದೆ. ಸೊಟ್ಟಗಾಗಿದ್ದುದೆಲ್ಲ ಬಲಗಾಲು. ಎಡಗಾಲು ಒಂದೂ ಬಾಗಿರಲಿಲ್ಲ. ಅಷ್ಟೇ ಅಲ್ಲ, ಎಲ್ಲ ಬಲಗಾಲುಗಳೂ ಬಾಗಿದ್ದು ಒಂದೇ ಜಾಗದಲ್ಲಿ, ತುದಿಯಿಂದ ಒಂದು ಮಿಲಿಮೀಟರಿನಷ್ಟು ಮೇಲೆ. ಅವರು ಯಂತ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಕವಲು ಪೂರ್ತಿ ಇಳಿದ ಜಾಗದಲ್ಲಿ ನಿಲ್ಲಿಸಿ, ಅದರ ಕಾಲಿಗೂ ಕಾಗದಕ್ಕೂ ನಡುವೆ ಫೀಲರ್ ಗೇಜು, ಅಂದರೆ ಸಂದಿಯನ್ನು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು, ತೂರಿಸಿದರು. ಎಡಗಡೆ ತೆಳ್ಳನೆಯ ಎಲೆಯೂ ಹೋಗಲಿಲ್ಲ. ಬಲಗಡೆ ಎಲೆಯ ಮೇಲೆ ಎಲೆ ಸೇರಿಸುತ್ತ ಹೋದರು, ಒಂದೂವರೆ ಮಿಲಿಮೀಟರಿಗೆ ಬಂದು ನಿಂತಿತು.

ಕವಲಿನ ಬಲಗಾಲು ಗಿಡ್ಡವಾಗಿತ್ತು. ತಂತಿಯ ತುದಿ ತೋಡಿನಿಂದ ಹೊರಬಂದು, ಆಸರೆಯಿಲ್ಲದೆ ಒಂದೂವರೆ ಮಿಲಿಮೀಟರ್ ಒಂಟಿಯಾಗಿ ನಡೆದು ಕಾಗದವನ್ನು ಮುಟ್ಟಬೇಕಿತ್ತು. ಮೆತ್ತನೆಯ ಜಾಗ ಸಿಕ್ಕಿದಾಗ ದಾಟುತ್ತಿತ್ತು, ತುಸು ಗಟ್ಟಿ ನಾರು ಎದುರಾದರೆ ಬಾಗುತ್ತಿತ್ತು. ಒಂದೂವರೆ ಮಿಲಿಮೀಟರ್! ಆ ಕಾಲನ್ನು ಯಾರು ಗಿಡ್ಡ ಮಾಡಿದರು ಎಂದು ನಾನು ಗುಡುಗಿದೆ. ಹಿರಿಯರು ನಕ್ಷೆಯನ್ನು ಬಿಚ್ಚಿ ಬೆರಳಿಟ್ಟು ತೋರಿಸಿದರು. ಸಹಿ ನನ್ನದು. ಪಕ್ಕದ ಸ್ಕ್ರೂ ಒಂದರ ತಲೆಗೆ ತಾಗುತ್ತದೆಂದು ನಾನೇ ಆ ಕಾಲನ್ನು ಮೊಟಕು ಮಾಡಿದ್ದೆ, ಆಮೇಲೆ ಮರೆತಿದ್ದೆ. ಸ್ಕ್ರೂವಿನ ತಲೆಯನ್ನು ತಗಡಿನೊಳಕ್ಕೆ ಹುದುಗಿಸಿ ಹೊಸ ಕವಲು ಮಾಡಿದೆವು. ಸೊಟ್ಟ ಹೊಲಿಗೆ ನಿಂತಿತು. ಹಳೆಯ ಚಿಕ್ಕ ಮೋಟರನ್ನೇ ಮತ್ತೆ ಹಾಕಿದೆವು, ಅದೇ ಸಾಕಾಯಿತು.

ಈಗ ಹೇಳಿ, ಬಲವೋ, ಜಾಗವೋ?

ಗಡಿಯಾರ ನೋಡಿದೆ, ಮೂರು ನಿಮಿಷವಷ್ಟೇ ಉಳಿದಿದೆ. ಪಿನ್ನಿನ ಬೆನ್ನಿನ ಬಗ್ಗೆ ಹೇಳಲೇಬೇಕು. ಕಾಲುಗಳನ್ನು ಕಾಪಾಡಿದರೂ, ಅಡ್ಡ ತಂತಿಯ ನಡುಭಾಗ ಒಳಕ್ಕೆ ಕುಸಿದು ಪಿನ್ನು ವಿಕಾರವಾಗಬಹುದು. ಅದಕ್ಕಾಗಿ ಹೊಲಿಗೆಯ ಯಂತ್ರದಲ್ಲಿ ಬೆನ್ನಿನ ಕೆಳಗೂ ಒಂದು ಆಸರೆ ಇದೆ. ಅದರ ಮುಖ ಇಳಿಜಾರು, ಹಿಂದೆ ಸ್ಪ್ರಿಂಗು. ಪಿನ್ನು ಇಳಿದಂತೆ ಅದನ್ನು ತಾನೇ ಹಿಂದಕ್ಕೆ ಸರಿಸುತ್ತ ಬರುತ್ತದೆ. ಆ ಆಸರೆ ಕೊನೆಯ ಕ್ಷಣದವರೆಗೂ ಹಿಡಿದಿದ್ದು, ಆಮೇಲೆ ದಾರಿ ಬಿಡುತ್ತದೆ. ನೆರಳಚ್ಚು ಯಂತ್ರಗಳ ಒಳಗಿರುವ ಕೆಲವು ಸ್ಟೇಪ್ಲರುಗಳಲ್ಲಿ ತಂತಿ ಸುರುಳಿಯಲ್ಲಿರುವುದಿಲ್ಲ, ನೆಟ್ಟನೆಯ ತುಂಡುಗಳು ಚಾಪೆಯಂತೆ ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಅಲ್ಲಿಯೂ ಮೊದಲು ಬಾಗಿಸುವುದು, ಆಮೇಲೆ ತಳ್ಳುವುದು.

ಇನ್ನು ಕಾಲು ಮಡಚುವ ವಿಷಯ. ಸ್ಟೇಪ್ಲರಿನ ಬುಡದಲ್ಲಿ ಎರಡು ಗುಳಿಗಳಿರುವ ಒಂದು ಪುಟ್ಟ ಬಿಲ್ಲೆ ಇದೆ, ಕಮ್ಮಾರನ ಅಡಿಗಲ್ಲು ಇದ್ದ ಹಾಗೆ. ಕಾಗದವನ್ನು ದಾಟಿ ಬಂದ ತುದಿಗಳು ಗುಳಿಯ ಇಳಿಜಾರಿಗೆ ತಾಗಿ ಒಳಮುಖವಾಗಿ ಹೊರಳುತ್ತವೆ. ಇಲ್ಲಿ ನಾವೇ ತಂತಿಗೆ ಬಾಗು ಎನ್ನುತ್ತಿದ್ದೇವೆ, ಆದರೂ ಎತ್ತ ಬಾಗಬೇಕೆಂಬುದು ಅದರ ಇಷ್ಟಕ್ಕೆ ಬಿಟ್ಟಿದ್ದಲ್ಲ. 26/6ರ ಬೆನ್ನಿನ ಅಗಲ ಸುಮಾರು 12 ಮಿಲಿಮೀಟರ್, ಕಾಲುಗಳು ಆರಾರು. ಎರಡೇ ಹಾಳೆಗೆ ಹೊಡೆದರೂ ಎರಡು ಕಾಲುಗಳು ಒಂದರ ಮೇಲೊಂದು ಏರುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ಗುಳಿಯ ಬದಲು ಎರಡು ಪುಟ್ಟ ರೆಕ್ಕೆಗಳು ಕೆಳಗಿನಿಂದ ಎದ್ದು ಕಾಲುಗಳನ್ನು ಚಪ್ಪಟೆಯಾಗಿ ಮಲಗಿಸುತ್ತವೆ. ಅದನ್ನು ವಿವರಿಸಲು ಸಮಯವಿಲ್ಲ, ತಪ್ಪು ನನ್ನದೇ, ಕಸದ ಡಬ್ಬಿಯ ಕಥೆ ಉದ್ದವಾಯಿತು.

ಒಂದು ಕೆಲಸ ಮಾಡಿ. ನಿಮ್ಮ ಸ್ಟೇಪ್ಲರಿನ ಆ ಬಿಲ್ಲೆಯನ್ನು ಅಡಿಯಿಂದ ಮೇಲಕ್ಕೆ ತಳ್ಳಿ ತಿರುಗಿಸಲು ಬರುತ್ತದೆಯೇ ನೋಡಿ, ಬಹಳಷ್ಟರಲ್ಲಿ ಬರುತ್ತದೆ. ಅದನ್ನು ಅರ್ಧ ಸುತ್ತು ತಿರುಗಿಸಿ ಒಂದು ಪಿನ್ನು ಹೊಡೆಯಿರಿ. ಕಾಲುಗಳು ಈಗ ಹೊರಮುಖವಾಗಿ ಚಾಚಿಕೊಳ್ಳುತ್ತವೆ, ಆ ಪಿನ್ನನ್ನು ಬೆರಳಿನಿಂದಲೇ ಎಳೆದು ತೆಗೆಯಬಹುದು. ಕಾಗದಗಳನ್ನು ಸ್ವಲ್ಪ ಹೊತ್ತಿಗಷ್ಟೇ ಜೊತೆಯಲ್ಲಿಡಲು ಇದು ಅನುಕೂಲ. ವರ್ಷಗಟ್ಟಲೆ ಸ್ಟೇಪ್ಲರ್ ಬಳಸಿದವರಲ್ಲಿಯೂ ಇದನ್ನು ತಿರುಗಿಸಿ ನೋಡಿದವರು ವಿರಳ. ನಮಸ್ಕಾರ.