ನಾಯಿಗೆ ಮನುಷ್ಯನ ಕಣ್ಣು ಕೊಟ್ಟ ಚಿತ್ರಕಾರ: ಎಡ್ವಿನ್ ಲ್ಯಾಂಡ್‌ಸೀರ್

[ತೆರೆಯಲ್ಲಿ: ಶವಪೆಟ್ಟಿಗೆಯ ಪಕ್ಕ ಕೂತ ನಾಯಿಯ ಚಿತ್ರ]

ನಮಸ್ಕಾರ. ಈ ಚಿತ್ರ ನೋಡಿ. ಮುದಿ ಕುರುಬ ತೀರಿಕೊಂಡಿದ್ದಾನೆ. ಅಳೋಕೆ ಯಾರೂ ಇಲ್ಲ. ಅವನ ನಾಯಿ ಮಾತ್ರ ಪೆಟ್ಟಿಗೆಯ ಮೇಲೆ ಗದ್ದ ಊರಿ ಕೂತಿದೆ. ಇದನ್ನು 1837ರಲ್ಲಿ ಬರೆದವರು ಇಂಗ್ಲೆಂಡಿನ ಎಡ್ವಿನ್ ಲ್ಯಾಂಡ್‌ಸೀರ್. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೂ ಅದೇ ವರ್ಷ.

1802ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರ ಚಿತ್ರಗಳು 13ನೇ ವಯಸ್ಸಿಗೇ ಅಲ್ಲಿನ ಹೆಸರಾಂತ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನ ಸೇರಿದವು. ಗುರು, ಚಿತ್ರಕಾರ ಹೇಡನ್ ಸಲಹೆಯಂತೆ ಸತ್ತ ಪ್ರಾಣಿಗಳನ್ನು ಕೊಯ್ದು ಮೂಳೆ, ಸ್ನಾಯು ಕಲಿತರು. ಸಿಂಹವನ್ನೂ ಬಿಡಲಿಲ್ಲ! ಹಾಗಾಗಿ ಮೈಕಟ್ಟಿನಲ್ಲಿ ತಪ್ಪು ಹುಡುಕೋದು ಕಷ್ಟ. ಆದರೆ ಮುಖ? ಅಲ್ಲಿ ಮನುಷ್ಯರ ದುಃಖ, ಜಂಬ, ತುಂಟತನ ಎಲ್ಲಾ ಇರುತ್ತದೆ. ಒಂದು ಚಿತ್ರದಲ್ಲಂತೂ ಪೂಡಲ್ ನಾಯಿ ನ್ಯಾಯಾಧೀಶನ ಥರ ಕೂತು ತೀರ್ಪು ಕೊಡುತ್ತಿದೆ. ನನಗೆ ಇದು ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತದೆ. ಆ ಕಾಲದವರಿಗೆ ಮಾತ್ರ ಇದೇ ಇಷ್ಟ. ಅಣ್ಣ ಥಾಮಸ್ ಮಾಡಿದ ಅಚ್ಚುಗಳಿಂದ ಈ ಚಿತ್ರಗಳು ಸಾಮಾನ್ಯರ ಮನೆಗಳನ್ನೂ ಸೇರಿದವು. ರಾಣಿ ವಿಕ್ಟೋರಿಯಾ ಮತ್ತು ಅವರ ಗಂಡ ಆಲ್ಬರ್ಟ್ ಇವರಿಂದ ಎಚಿಂಗ್, ಅಂದರೆ ಲೋಹದ ತಗಡನ್ನು ಆಮ್ಲದಿಂದ ಕೊರೆದು ಚಿತ್ರ ಅಚ್ಚು ಹಾಕುವ ಕಲೆ, ಕಲಿತರು. ಕಪ್ಪು-ಬಿಳಿ ನ್ಯೂಫೌಂಡ್‌ಲ್ಯಾಂಡ್ ನಾಯಿಗೆ ಇವತ್ತಿಗೂ ಲ್ಯಾಂಡ್‌ಸೀರ್ ಅಂತಲೇ ಹೆಸರು.

ಇಷ್ಟೆಲ್ಲ ಮರುಕ ಇದ್ದವರು ಬೇಟೆಯನ್ನೂ ಅಷ್ಟೇ ಇಷ್ಟಪಡುತ್ತಿದ್ದರು. 1844ರ ಒಂದು ಚಿತ್ರದಲ್ಲಿ ಈಟಿಗೆ ಸಿಕ್ಕ ನೀರುನಾಯಿ ಒದ್ದಾಡುತ್ತಿದೆ, ಕೆಳಗೆ ಬೇಟೆನಾಯಿಗಳು ಮೇಲೆ ಹಾರುತ್ತಿವೆ. ನೋಡೋಕೇ ಆಗಲ್ಲ.

[ತೆರೆಯಲ್ಲಿ: ಬೆಟ್ಟದ ಮೇಲೆ ನಿಂತ ಗಂಡು ಜಿಂಕೆ]

ಇದು ‘ಮೊನಾರ್ಕ್ ಆಫ್ ದಿ ಗ್ಲೆನ್’, 1851. ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಉಪಾಹಾರದ ಕೋಣೆಗೆಂದು ಬರೆದದ್ದು. ಕೆಳಮನೆಯಾದ ಕಾಮನ್ಸ್ ಸಭೆ 150 ಪೌಂಡ್ ಕೊಡಲು ಒಪ್ಪಲಿಲ್ಲ. ಮುಂದೆ ವಿಸ್ಕಿ, ಸೋಪಿನ ಜಾಹೀರಾತಿಗೂ ಈ ಜಿಂಕೆ ಬಂತು. 2017ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿ ಇದಕ್ಕೆ ಕೊಟ್ಟದ್ದು 40 ಲಕ್ಷ ಪೌಂಡ್!

1840ರಲ್ಲೇ ಅವರ ಮನಸ್ಸಿನ ಆರೋಗ್ಯ ಕುಸಿದಿತ್ತು. ಆಮೇಲೆ ಪೂರ್ತಿ ಸುಧಾರಿಸಲೇ ಇಲ್ಲ. ಲಂಡನ್ನಿನ ಟ್ರಫಾಲ್ಗರ್ ಚೌಕದ ಸಿಂಹದ ಮೂರ್ತಿಗಳ ಕೆಲಸ 1858ರಲ್ಲಿ ಸಿಕ್ಕಿತು, ಮುಗಿದದ್ದು 1867ರಲ್ಲಿ. ಮಾದರಿಗೆಂದು ಝೂನಿಂದ ತಂದ ಸತ್ತ ಸಿಂಹ ಕೆಲಸ ಮುಗಿಯುವ ಮೊದಲೇ ಕೊಳೆತುಹೋಯಿತು. ಸಿಂಹಗಳ ಪಂಜ ನಾಯಿಯ ಪಂಜದ ಹಾಗಿದೆ ಅಂತ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. 1873ರಲ್ಲಿ ತೀರಿಕೊಂಡ ಅವರನ್ನು ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಣ್ಣು ಮಾಡಿದರು.

ನನ್ನ ಪ್ರಕಾರ ಅವರ ಅತಿ ಶ್ರೇಷ್ಠ ಚಿತ್ರ ಮಾತ್ರ 1864ರದ್ದು. ಹೆಸರಿನ ಅರ್ಥ: ಮನುಷ್ಯ ಒಂದು ಬಗೆದರೆ ದೇವರು ಇನ್ನೊಂದು ಬಗೆಯುತ್ತಾನೆ.

[ತೆರೆಯಲ್ಲಿ: ‘ಮ್ಯಾನ್ ಪ್ರೊಪೋಸಸ್, ಗಾಡ್ ಡಿಸ್ಪೋಸಸ್’]

1845ರಲ್ಲಿ ಬ್ರಿಟಿಷ್ ನಾವಿಕ ಜಾನ್ ಫ್ರಾಂಕ್ಲಿನ್ ತಂಡ ಎರಡು ಹಡಗಿನಲ್ಲಿ ಆರ್ಕ್ಟಿಕ್‌ಗೆ ಹೋಯಿತು. ಆ 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಇಲ್ಲಿ ನೋಡಿ: ಒಂದು ಹಿಮಕರಡಿ ಹಡಗಿನ ಬಾವುಟ ಹರಿಯುತ್ತಿದೆ, ಇನ್ನೊಂದು ಮನುಷ್ಯನ ಎಲುಬು ಕಡಿಯುತ್ತಿದೆ. ಈ ಕರಡಿಗಳಿಗೆ ನಮ್ಮ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಹಸಿವಾಗಿದೆ, ಅಷ್ಟೇ. ಇಡೀ ಜೀವನ ಪ್ರಾಣಿಗಳಿಗೆ ಮನುಷ್ಯರ ಭಾವ ಕೊಟ್ಟವರು ಇಲ್ಲಿ ಆ ಅಭ್ಯಾಸ ಬಿಟ್ಟರು.

ಚಿತ್ರ ಈಗ ಲಂಡನ್ ಬಳಿಯ ರಾಯಲ್ ಹಾಲೊವೇ ಕಾಲೇಜಿನಲ್ಲಿದೆ. ಅದರ ಪಕ್ಕ ಕೂತು ಪರೀಕ್ಷೆ ಬರೆದರೆ ಫೇಲ್ ಆಗ್ತೀವಿ ಅಂತ ವಿದ್ಯಾರ್ಥಿಗಳಲ್ಲಿ ನಂಬಿಕೆ. ಪರೀಕ್ಷೆ ಬಂತೆಂದರೆ ಕಾಲೇಜಿನವರೇ ಅದಕ್ಕೆ ಬ್ರಿಟನ್ನಿನ ಬಾವುಟ ಹೊದಿಸಿಬಿಡುತ್ತಾರೆ.