ಅಡಿಕೆ ತೋಟದ ಅಪ್ಪ, ಅಮೆರಿಕದ ಜಾಯಿಂಟ್ ಖಾತೆ

ಎಲ್ಲರಿಗೂ ನಮಸ್ಕಾರ. ವಿದೇಶದ ಖಾತೆ ಅಂದ ತಕ್ಷಣ ನಮಗೆ ಸ್ವಿಸ್ ಬ್ಯಾಂಕು, ಕಪ್ಪುಹಣ ನೆನಪಾಗುತ್ತೆ. ಅದು ದೊಡ್ಡವರ ವಿಷಯ, ನಮಗ್ಯಾಕೆ ಅಂತ ಸುಮ್ಮನಾಗುತ್ತೇವೆ. ನಾನು ಇವತ್ತು ಮಾತಾಡುವುದು ಚನ್ನಗಿರಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ಅಪ್ಪಂದಿರ ಬಗ್ಗೆ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಓದಿ ಹೊರದೇಶಕ್ಕೆ ಹೋದ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಮಗ ಅಲ್ಲಿ ಖಾತೆ ತೆರೆಯುತ್ತಾನೆ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ ಅಪ್ಪಾಜಿ" ಅಂತ ಜಾಯಿಂಟ್ ಹೋಲ್ಡರ್ ಜಾಗದಲ್ಲಿ ಅಪ್ಪನ ಹೆಸರು ಹಾಕುತ್ತಾನೆ. ಅಪ್ಪ ಅದರಿಂದ ಒಂದು ಡಾಲರ್ ಕೂಡ ಮುಟ್ಟಿರುವುದಿಲ್ಲ. ಅವರ ಆದಾಯವೆಲ್ಲ ತೋಟದ್ದು, ಅದಕ್ಕೆ ಟ್ಯಾಕ್ಸ್ ಇಲ್ಲ. ಹಾಗಾಗಿ ಆದಾಯ ತೆರಿಗೆ ರಿಟರ್ನ್ ಹಾಕಿದ್ದೂ ಇಲ್ಲ.

ಇಲ್ಲೇ ಎಡವುತ್ತಿರುವುದು. ಇಲ್ಲೇ ಕಾಯಂ ಆಗಿ ಇರುವವರ ಹೆಸರಲ್ಲಿ ಹೊರದೇಶದ ಖಾತೆ ಇದ್ದರೆ, ಆದಾಯ ಎಷ್ಟೇ ಕಡಿಮೆ ಇರಲಿ, ರಿಟರ್ನ್ ಹಾಕಲೇಬೇಕು. ಜಾಯಿಂಟ್ ಹೆಸರಿದ್ದರೂ ಅಷ್ಟೇ, ಬರೀ ಸಹಿ ಮಾಡುವ ಅಧಿಕಾರ ಇದ್ದರೂ ಅಷ್ಟೇ. ಸರಳವಾದ ರಿಟರ್ನ್ ಫಾರ್ಮ್ ಐಟಿಆರ್-1ರಲ್ಲಿ ಇದಕ್ಕೆ ಜಾಗವೇ ಇಲ್ಲ. ಐಟಿಆರ್-2ರಲ್ಲೋ 3ರಲ್ಲೋ ಶೆಡ್ಯೂಲ್ ಎಫ್‌ಎ, ಅಂದರೆ ವಿದೇಶಿ ಆಸ್ತಿ ತೋರಿಸುವ ಭಾಗ, ತುಂಬಬೇಕು. ಅದೂ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ. ಆ ಅವಧಿಯಲ್ಲಿ ಖಾತೆಯಲ್ಲಿ ಅತಿ ಹೆಚ್ಚು ಎಷ್ಟು ಹಣ ಇತ್ತು ಅಂತಲೂ ಬರೆಯಬೇಕು.

ಬರೆಯದಿದ್ದರೆ? 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಬೇಕಂತಲೇ ಮುಚ್ಚಿಟ್ಟಿದ್ದು ಅಂತ ಸಾಬೀತಾದರೆ ಜೈಲೂ ಇದೆ. 2024ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂದಿದೆ. ಮನೆ, ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ದಾಟದಿದ್ದರೆ ಆ ದಂಡ ಇಲ್ಲ. ಆದರೆ ದಂಡ ಇಲ್ಲ ಅಂತ ತೋರಿಸದೇ ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ದುಡಿಯುವ ಹುಡುಗನ ಖಾತೆಗೆ 20 ಲಕ್ಷ ಅನ್ನುವುದು ದೊಡ್ಡ ಮೊತ್ತವೂ ಅಲ್ಲ, ಅಲ್ವಾ?

ಯಾರಿಗೆ ಗೊತ್ತಾಗುತ್ತೆ ಅಂತ ಕೇಳುವವರಿದ್ದಾರೆ. ಖಾತೆಗಳ ಮಾಹಿತಿ ಹಂಚಿಕೊಳ್ಳಲು ಅಮೆರಿಕದ ಜೊತೆ 2015ರಲ್ಲೇ ಒಪ್ಪಂದ ಆಗಿದೆ. ಬೇರೆ ಎಷ್ಟೋ ದೇಶಗಳಿಂದ 2017ರಿಂದ ಖಾತೆಗಳ ಮಾಹಿತಿ ವರ್ಷವರ್ಷ ತಾನಾಗೇ ಬರುತ್ತಿದೆ.

ನನಗೆ ಸಿಟ್ಟು ಬರುವುದು ಆದಾಯ ತೆರಿಗೆ ಇಲಾಖೆಯ ಮೇಲೆ. 2024ರ ನವೆಂಬರ್‌ನಲ್ಲಿ ಜಾಗೃತಿ ಅಭಿಯಾನ ಮಾಡಿದರು. ಎಸ್‌ಎಂಎಸ್, ಇಮೇಲ್ ಕಳಿಸಿದ್ದು ಅಷ್ಟೊತ್ತಿಗೆ ರಿಟರ್ನ್ ಹಾಕಿದ್ದವರಿಗೆ. ಒಳ್ಳೆಯ ಕೆಲಸವೇ. ಆದರೆ ರಿಟರ್ನೇ ಹಾಕದ ರೈತನಿಗೆ ಯಾರು ಹೇಳಬೇಕು? ಮುಚ್ಚಿಡುವ ಉದ್ದೇಶವೇ ಇಲ್ಲದವನನ್ನು ಕೋಟಿಗಟ್ಟಲೆ ಬಚ್ಚಿಟ್ಟವನ ಕಾಯ್ದೆಯಲ್ಲೇ ಹಿಡಿಯುವುದಾದರೆ, ಅವನಿಗೆ ಮೊದಲೇ ಕನ್ನಡದಲ್ಲಿ ತಿಳಿಸುವ ಜವಾಬ್ದಾರಿಯೂ ಇಲಾಖೆಯದ್ದೇ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ, ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಒಂದು ಬೋರ್ಡ್ ಹಾಕಲಿ.

ಹೊರಗೆ ಇರುವ ಮಕ್ಕಳಿಗೂ ಒಂದು ಮಾತು. ಅಪ್ಪ-ಅಮ್ಮನ ಹೆಸರನ್ನು ಖಾತೆಗೆ ಸೇರಿಸಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ಜನವರಿ–ಡಿಸೆಂಬರ್ ಸ್ಟೇಟ್‌ಮೆಂಟ್ ಕಳಿಸಿ. ಆಡಿಟರ್ ತಾವಾಗಿ ಕೇಳುತ್ತಾರೆ ಅಂತ ಕಾಯಬೇಡಿ, ನೀವೇ ಅವರ ಹತ್ತಿರ ಮಾತಾಡಿ. ಹಳೇ ವರ್ಷದ್ದು ಬಿಟ್ಟುಹೋಗಿದ್ದರೆ ಅದನ್ನೂ ಮುಚ್ಚದೆ ಹೇಳಿ. ಗಡುವು ಇನ್ನೂ ಇರುವ ವರ್ಷಕ್ಕೆ ಆಗಲೇ ರಿಟರ್ನ್ ಹಾಕಿದ್ದರೆ ಸರಿಪಡಿಸಬಹುದು. ಹೊಸದಾಗಿ ಖಾತೆ ತೆರೆಯುತ್ತಿದ್ದರೆ ಜಾಯಿಂಟ್ ಬದಲು ನಾಮಿನಿ ಮಾಡಲು ಆಗುತ್ತಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ.